ಎರಡನೆಯ ಪೀಪಾಯಿಗೆ ಕೊಟ್ಟ ಹೊಗೆ

ನಾನು ನಿಂತದ್ದು ನೆಲಮಾಳಿಗೆಯ ಮೆಟ್ಟಿಲುಗಳಲ್ಲಿ, ಕೆಳಗಿನಿಂದ ಎರಡನೆಯದರ ಮೇಲೆ. ಎಡಗೈ ಗೋಡೆಯ ಮೇಲಿತ್ತು, ಬಲಗೈ ಕೋಟಿನ ಕಿಸೆಯಲ್ಲಿತ್ತು. ನನಗೂ ಎರಡನೆಯ ಪೀಪಾಯಿಗೂ ನಡುವೆ ನಾಲ್ಕು ಹೆಜ್ಜೆ. ಎರಡನೆಯ ಮಹಾಯುದ್ಧ ಶುರುವಾದ ಮೇಲಿನ ಎರಡನೆಯ ಶ್ರಾವಣ, ಶನಿವಾರ, ಬೆಳಗಿನ ಹತ್ತೂವರೆ. ಮೇಲಿನ ಗಡಿಯಾರ ಐದು ನಿಮಿಷ ಮುಂದೆ ಓಡುತ್ತಿತ್ತು. ಅಷ್ಟನ್ನು ಕಳೆದೇ ಹೇಳುತ್ತಿದ್ದೇನೆ. ಜಾಗ ಪುಣೆಯ ಲಷ್ಕರಿನಲ್ಲಿ, ಅಂದರೆ ದಂಡಿನ ಪೇಟೆಯಲ್ಲಿದ್ದ ಒಂದು ವೈನ್ ಗೋದಾಮು.

ಇಷ್ಟು ಕರಾರುವಾಕ್ಕಾಗಿ ಬರೆಯಲು ಕಾರಣವಿದೆ. ಲಷ್ಕರಿನ ಹಳಬರು ಇಂದಿಗೂ ಒಂದು ಕಥೆ ಹೇಳಿ ನಗುತ್ತಾರೆ. ಗೋವೆಯ ಪೀಪಾಯಿ ಮೇಸ್ತ್ರಿಯೊಬ್ಬ ತನ್ನ ಒಡೆಯ ಶೇಠರ ಓಕ್ ಮರದ ಪೀಪಾಯಿಯಲ್ಲಿ ಕದ್ದು ಹಂದಿಮಾಂಸದ ಉಪ್ಪಿನಕಾಯಿ ಹಾಕಿದ್ದನಂತೆ, ಆಮೇಲೆ ಅದರಲ್ಲೇ ವೈನ್ ತುಂಬಿದನಂತೆ. ಕಳೆದ ತಿಂಗಳು ಮದುವೆಯ ಪಂಕ್ತಿಯೊಂದರಲ್ಲಿ ನನ್ನ ಪಕ್ಕದಲ್ಲಿ ಕುಳಿತವರು ಅದನ್ನೇ ಹೇಳಿದರು. ನನ್ನ ಕೈಯಲ್ಲಿದ್ದ ತುತ್ತು ಎಲೆಗೆ ಬಿತ್ತು. ಆ ಪೀಪಾಯಿಗೆ ಏನಾಯಿತೆಂದು ನಾನು ಕಣ್ಣಾರೆ ಕಂಡವನು. ಕಂಡದ್ದಷ್ಟೇ ಅಲ್ಲ, ಮಾಡಿಸಿದವನು.

ನಾನು ಧಾರವಾಡದ ಕಡೆಯವನು. ಆ ಗೋದಾಮಿನಲ್ಲಿ ಕಾರಕೂನನಾಗಿದ್ದೆ. ಒಡೆಯರು ಪಾರಸಿ ಶೇಠರು. ಪರದೇಶದಿಂದ ಪೀಪಾಯಿಗಟ್ಟಲೆ ವೈನ್ ತರಿಸಿ, ಇಲ್ಲಿ ಬಾಟಲಿಗೆ ತುಂಬಿಸಿ, ಕ್ಲಬ್ಬುಗಳಿಗೂ ಮಿಲಿಟರಿ ಮೆಸ್ಸುಗಳಿಗೂ ಕಳಿಸುತ್ತಿದ್ದರು. ನೆಲಮಾಳಿಗೆಯಲ್ಲಿ ಅವರ ತಂದೆಯ ಕಾಲದ ಮೂರು ಫ್ರೆಂಚ್ ಓಕ್ ಪೀಪಾಯಿಗಳಿದ್ದವು. ಅವನ್ನು ನೋಡಿಕೊಳ್ಳುತ್ತಿದ್ದವರು ಗೋವೆಯ ಆ ಮೇಸ್ತ್ರಿ. ಅರವತ್ತರ ಹತ್ತಿರದ ಸಣಕಲು ಮನುಷ್ಯ, ಹೆಂಡತಿ ತೀರಿಕೊಂಡಿದ್ದಳು, ಗೋದಾಮಿನ ಹಿತ್ತಲಿನ ಒಂದೇ ಕೋಣೆಯಲ್ಲಿ ವಾಸ. ಪುಣೆಗೆ ಬರುವ ಮುಂಚೆ ಹುಬ್ಬಳ್ಳಿಯಲ್ಲಿ ಹತ್ತು ವರ್ಷ ಬಡಗಿಯಾಗಿದ್ದರಿಂದ ನನ್ನೊಂದಿಗೆ ಕನ್ನಡದಲ್ಲೇ ಮಾತಾಡುತ್ತಿದ್ದರು. ಬಾಟಲಿ ತೊಳೆಯಲು ಬೆಳಗಾವಿ ಕಡೆಯ ಒಬ್ಬ ಹೆಂಗಸಿದ್ದಳು. ಆಗ ಆಕೆಗೆ ಮೂವತ್ತಿರಬಹುದು. ಗೋದಾಮಿನಲ್ಲಿ ಕನ್ನಡ ಬಲ್ಲವರು ನಾವು ಮೂವರೇ.

ನಾನು ಕುಡಿಯುವವನಲ್ಲ. ತಾಯಿಗೆ ಮಾತು ಕೊಟ್ಟೇ ಆ ಕೆಲಸಕ್ಕೆ ಸೇರಿದ್ದೆ. ಆದರೆ ಮೂಸುವುದಿಲ್ಲವೆಂದು ಮಾತು ಕೊಟ್ಟಿರಲಿಲ್ಲ. ವಾರಕ್ಕೊಮ್ಮೆ ಪೀಪಾಯಿಗಳ ಬಿರಡೆ ತೆಗೆದು, ಒಳಗಿನ ವೈನ್ ಎಷ್ಟು ಇಳಿದಿದೆಯೆಂದು ಬಿದಿರುಕಡ್ಡಿ ಇಳಿಬಿಟ್ಟು ನೋಡುವುದು ನನ್ನ ಕೆಲಸ. ಇಳಿದಷ್ಟನ್ನು ಮೇಸ್ತ್ರಿ ಮತ್ತೆ ತುಂಬುತ್ತಿದ್ದರು.

"ಸೋರಿಲ್ಲ, ಕುಡಿದಿಲ್ಲ, ಎಲ್ಲಿ ಹೋಗ್ತದ ಮೇಸ್ತ್ರಿ?" ಎಂದು ಮೊದಲ ವರ್ಷ ಕೇಳಿದ್ದೆ.

"ಕಟ್ಟಿಗಿ ಕುಡೀತದರಿ. ಗಾಳಿನೂ ಕುಡೀತದ. ಬಾಟಲಿ ಅಂದ್ರ ಪೆಟಿಗಿ ಇದ್ದಂಗ ರಾಯರ, ಇಟ್ಟದ್ದು ಇಟ್ಟಂಗ ಇರ್ತದ. ಪೀಪಾಯಿ ಹಂಗಲ್ಲ. ಸಣ್ಣಗ ಉಸಿರಾಡ್ತದ. ಆ ಉಸಿರಿಗೆ ವೈನಿನ ಸಿಟ್ಟು ಇಳೀತದ."

"ನಮ್ಮ ಸಾಗವಾನಿ ಆಗಂಗಿಲ್ಲೇನು?"

"ಆಗ್ತದ. ಕುಡಿದವ್ರಿಗೆ ಕಪಾಟ ನೆಕ್ಕಿದಂಗ ಆಗ್ತದ, ಅಷ್ಟ."

ಪೀಪಾಯಿ ಕಟ್ಟುವಾಗ ಹಲಗೆಗಳನ್ನು ಬಗ್ಗಿಸಲು ಒಳಗೆ ಬೆಂಕಿ ಇಡುತ್ತಾರೆಂದೂ, ಆಗ ಒಳಮೈ ರೊಟ್ಟಿಯ ಹಾಗೆ ಕಂದುಬಣ್ಣಕ್ಕೆ ಸುಡುತ್ತದೆಂದೂ, ಆ ಸುಟ್ಟ ಪದರವೇ ವೈನಿಗೆ ಅರ್ಧ ರುಚಿ ಕೊಡುವುದೆಂದೂ ಅವರು ಹೇಳಿದರು. ನಾಲಗೆಯಿಂದ ತಿಳಿಯುವ ದಾರಿ ನನಗಿರಲಿಲ್ಲ, ಮೂಗಿನಿಂದ ತಿಳಿಯತೊಡಗಿದೆ. ಹೊಸ ಕೆಂಪು ವೈನ್ ಬಂದ ದಿನ ಮಾಗದ ನೇರಳೆ ಜಜ್ಜಿದ ವಾಸನೆ, ಅದರ ಹಿಂದೆ ತುಕ್ಕು ಹಿಡಿದ ಮೊಳೆಯ ವಾಸನೆ. ಎರಡು ತಿಂಗಳಿಗೆ ಆ ಮೊಳೆ ಮಾಯವಾಗುತ್ತಿತ್ತು. ನಾಲ್ಕು ತಿಂಗಳಿಗೆ ಲವಂಗದ ನೆರಳು ಕಾಣಿಸಿಕೊಳ್ಳುತ್ತಿತ್ತು. ಒಮ್ಮೆ ಮೊದಲನೆಯ ಪೀಪಾಯಿಯನ್ನು ಮೂಸಿ "ಒಣಕೊಬ್ಬರಿ" ಎಂದೆ. ಮೇಸ್ತ್ರಿ ನನ್ನ ಕಡೆ ತಿರುಗಿದರು.

"ದ್ರಾಕ್ಷಿಯೊಳಗ ಕೊಬ್ಬರಿ ಎಲ್ಲಿಂದ ಬರ್ಬೇಕ್ರಿ? ಅದು ಓಕಿಂದು. ನಾ ಅದನ್ನ ಹಿಡೀಲಿಕ್ಕೆ ಮೂರು ವರ್ಷ ತಗೊಂಡೆ. ನೀವು ಒಂದು ಹನಿ ಕುಡೀದ ಹಿಡದ್ರಿ."

ಅವತ್ತಿನಿಂದ ಅವರು ಶೇಠರ ಮುಂದೆಯೂ ನನ್ನನ್ನು ತೋರಿಸಿ, "ಬ್ರಾಹ್ಮಣನ ಮೂಗು, ಕೋರ್ಟಿನ ಮೊಹರು ಇದ್ದಂಗ" ಎನ್ನುತ್ತಿದ್ದರು. ನನಗೆ ಅದು ಇಷ್ಟವಾಗುತ್ತಿತ್ತು. ಎಷ್ಟು ಇಷ್ಟವಾಗುತ್ತಿತ್ತೆಂಬುದು ನನಗೇ ತಿಳಿದದ್ದು ಬಹಳ ತಡವಾಗಿ.

ಯುದ್ಧ ಬಂದು ಫ್ರಾನ್ಸಿನ ಮಾಲು ನಿಂತಿತು. ಶೇಠರು ಹೇಗೋ ಆಸ್ಟ್ರೇಲಿಯಾದಿಂದ ಒಂದಿಷ್ಟು ಎಳೆಯ ಕೆಂಪು ವೈನ್ ತರಿಸಿದರು. ಗಂಟಲು ಕೆರೆಯುವಂಥದ್ದು ಎಂದು ಕುಡಿದವರು ಹೇಳಿದರು. ಅದನ್ನು ಹಳೆಯ ಓಕ್‌ನಲ್ಲಿ ಒಂದು ವರ್ಷ ಇಟ್ಟು ಮೆತ್ತಗೆ ಮಾಡಿ ಮೆಸ್ಸಿಗೆ ಕೊಡುವುದು ಅವರ ಯೋಚನೆ. ಎರಡನೆಯ ಪೀಪಾಯಿಯಲ್ಲಿದ್ದ ಹಳೆಯ ವೈನನ್ನು ಬಾಟಲಿಗೆ ಇಳಿಸಿ, ಹೊಸದಕ್ಕಾಗಿ ಅದನ್ನು ಖಾಲಿ ಮಾಡಿದೆವು. ಖಾಲಿ ಪೀಪಾಯಿ ಮಳೆಗಾಲದಲ್ಲಿ ಎರಡು ದಿನ ಸುಮ್ಮನಿದ್ದರೆ ಒಳಗೆ ಬೂಷ್ಟು ಹಿಡಿಯುತ್ತದೆ. ಅದಕ್ಕೆ ಗಂಧಕ ಹಚ್ಚಿದ ಬತ್ತಿಯನ್ನು ತಂತಿಗೆ ಸಿಕ್ಕಿಸಿ, ಹೊತ್ತಿಸಿ, ಒಳಗೆ ಇಳಿಬಿಟ್ಟು, ಹೊಗೆ ತುಂಬಿದ ಮೇಲೆ ಬಿರಡೆ ಹಾಕಬೇಕು. ಆ ಕೆಲಸವನ್ನು ಮೇಸ್ತ್ರಿ ಯಾವಾಗಲೂ ಬಾಗಿಲು ಮುಚ್ಚಿಕೊಂಡು ಒಬ್ಬರೇ ಮಾಡುತ್ತಿದ್ದರು. ಆ ಹೊಗೆ ಎದೆಗೆ ಕೆಟ್ಟದ್ದು. ಹೊಗೆ ಕೊಡುತ್ತಾರೆಂದು ನಮಗೆ ಗೊತ್ತಿತ್ತು. ಕೊಡುವುದನ್ನು ನಾವು ಕಂಡಿರಲಿಲ್ಲ.

ಆ ಶುಕ್ರವಾರ ಮೇಸ್ತ್ರಿಗೆ ಚಳಿಜ್ವರ ಬಂತು. ಶನಿವಾರ ಬೆಳಿಗ್ಗೆ ಬಾಟಲಿ ತೊಳೆಯುವಾಕೆ ಅವರಿಗೆ ಗಂಜಿ ಕೊಟ್ಟು ಬಂದವಳು ನನಗೆ ಹೇಳಿದಳು:

"ಮೇಸ್ತ್ರೆಪ್ಪ ಎರಡನೇದಕ್ಕ ಹೊಗಿ ಕೊಡ್ರಿ ಅಂದಾನ್ರಿ ರಾಯರ. ಮಾತಾಡ್ಲಿಕ್ಕೆ ಆಗವಲ್ದು, ಹಲ್ಲು ಕಟಕಟಾ ಅಂತಾವ."

ಬತ್ತಿಯ ಡಬ್ಬಿ ತೆಗೆದು ನೋಡಿದೆ. ಖಾಲಿ. ಅವೂ ಪರದೇಶದಿಂದ ಬರುತ್ತಿದ್ದವು.

"ಈಗೇನ್ ಮಾಡೂದ್ರಿ?" ಎಂದಳು. "ಮುಂಜಾನಿ ಬಿರಡಿ ತಗದು ನೋಡಿದೆ. ಆಗ್ಲೇ ಮುಗ್ಗ ವಾಸನಿ."

ನನಗೆ ಒಂದು ಕ್ಷಣವೂ ಸಂಶಯ ಬರಲಿಲ್ಲ. ನಮ್ಮ ಮನೆಯಲ್ಲಿ ಉಪ್ಪಿನಕಾಯಿಯ ಭರಣಿಯನ್ನು ತೊಳೆದು ಒಣಗಿಸಿ, ಕೆಂಡದ ಮೇಲೆ ಇಂಗಿನ ಚೂರು ಹಾಕಿ, ಆ ಹೊಗೆಯ ಮೇಲೆ ಭರಣಿ ಬೋರಲು ಹಾಕುತ್ತಾರೆ. ಆಮೇಲೆ ವರ್ಷವಿಡೀ ಬೂಷ್ಟು ಬರುವುದಿಲ್ಲ. ಗಂಧಕ ನಾರುತ್ತದೆ, ಇಂಗೂ ನಾರುತ್ತದೆ. ಎರಡರದ್ದೂ ಒಂದೇ ಕೆಲಸ ಎಂದುಕೊಂಡೆ.

"ಭರಣಿಗೆ ಏನ್ ಕೊಡ್ತೀರಿ ನೀವು?" ಎಂದೆ.

"ಇಂಗು ಕೊಡ್ತೀವ್ರಿ. ಮತ್ತೇನ್ ಕೊಡ್ತಾರ?" ಆಕೆಯ ಮುಖ ಅರಳಿತು. "ಆದ್ರ ಇಷ್ಟು ದೊಡ್ಡ ಭರಣಿಗೆ ಬೊಗಸಿ ತುಂಬ ಬೇಕಾದೀತು. ಎಲ್ಲಿಂದ ತರ್ಲಿ?"

ಮನೆಗೆಂದು ಬೆಳಿಗ್ಗೆ ರವಿವಾರ ಪೇಠೆಯಲ್ಲಿ ಕೊಂಡ ಇಂಗಿನ ಪೊಟ್ಟಣ ನನ್ನ ಕಿಸೆಯಲ್ಲಿತ್ತು. ಅದನ್ನು ಕೊಟ್ಟೆ. ಆಕೆ ಪೀಪಾಯಿಯನ್ನು ಎರಡು ಕಲ್ಲಿನ ಮೇಲೆ ಬಾಯಿ ಕೆಳಗಾಗುವಂತೆ ಉರುಳಿಸಿ, ಕೆಂಡದ ಬಾಣಲೆಯನ್ನು ಅಡಿಗೆ ತಳ್ಳಿದಳು. ಒಂದು ಚೂರು ಹಾಕಿದಳು. ಹೊಗೆ ಸಣ್ಣಗೆ ಎದ್ದು ಬಾಯಿಯೊಳಗೆ ಹೋಯಿತು. ಆಕೆ ನನ್ನ ಕಡೆ ತಿರುಗಿದಳು.

"ಇನ್ನೂ ಹಾಕು," ಎಂದೆ. "ಎಲ್ಲಾ ಹಾಕು."

ಈ ಎರಡು ಮಾತು ನನ್ನವು.

ಹತ್ತು ದಿನದ ಮೇಲೆ ಮೇಸ್ತ್ರಿ ಎದ್ದು ಬಂದರು. ಜ್ವರ ಹೋಗಿ ಕಡು ನೆಗಡಿ ಉಳಿದಿತ್ತು, ಮೂಗು ಕಟ್ಟಿತ್ತು. ಹೊಗೆ ಕೊಟ್ಟಿರಾ ಎಂದು ಕೇಳಿದರು, ಕೊಟ್ಟಿದ್ದೇವೆಂದೆವು. ಯಾವ ಹೊಗೆ ಎಂದು ಅವರು ಕೇಳಲಿಲ್ಲ. ಕೇಳುವ ಪ್ರಶ್ನೆ ಅದೆಂದು ಅವರಿಗೆ ಹೇಗೆ ಹೊಳೆಯಬೇಕು? ಬಿಸಿನೀರು ಹಾಕಿ ಎರಡು ಸಲ ಕುಲುಕಿ ಚೆಲ್ಲಿದರು. ಬಿರಡೆ ಕೈಯಲ್ಲಿ ಹಿಡಿದು ನನ್ನನ್ನು ಕರೆದರು.

"ನನ್ನ ಮೂಗು ಇವತ್ತ ಸತ್ತದ ರಾಯರ. ನೀವು ನೋಡಿ ಹೇಳ್ರಿ."

ಬಗ್ಗಿ ಮೂಸಿದೆ. ಒಳಗಿನಿಂದ ನಮ್ಮ ಅಡಿಗೆಮನೆಯ ಅಟ್ಟದ ವಾಸನೆ ಬಂತು. ತೊಳೆದು, ಹೊಗೆ ಕೊಟ್ಟು, ಸಾಲಾಗಿ ಇಟ್ಟ ಭರಣಿಗಳ ವಾಸನೆ. ಹುಟ್ಟಿದಾಗಿನಿಂದ ನನಗೆ ಅದು ಶುದ್ಧವಾದದ್ದರ ವಾಸನೆ.

"ಸ್ವಚ್ಛ ಅದ," ಎಂದೆ.

ಮೇಸ್ತ್ರಿ ವೈನ್ ತುಂಬಿದರು.

ಅದಾದ ಐದಾರು ವಾರಕ್ಕೆ ಮೇಸ್ತ್ರಿ ದಿನಾ ಸಂಜೆ ಎರಡನೆಯ ಪೀಪಾಯಿಯ ಬಳಿ ಹೋಗಿ ಬಿರಡೆ ತೆಗೆದು ಮೂಸುವುದನ್ನು ನೋಡಿದೆ. ತಮ್ಮ ಕೆಲಸದ ಮೇಲಿನ ಪ್ರೀತಿ ಎಂದುಕೊಂಡೆ. ನಾನು ಮಾತ್ರ ಆ ಪೀಪಾಯಿಗೆ ಬಿದಿರುಕಡ್ಡಿ ಇಳಿಬಿಡುತ್ತಿದ್ದೆನೇ ಹೊರತು ಮತ್ತೆ ಮೂಸಿರಲಿಲ್ಲ. ಒಮ್ಮೆ ತೀರ್ಪು ಕೊಟ್ಟಾಗಿತ್ತು. ಅವರು ಆಗಲೇ ಏನೋ ಕೆಟ್ಟಿದೆಯೆಂದು ಅರಿತು, ಯಾರಿಗೂ ಹೇಳದೆ, ನಾಳೆ ಸರಿಹೋದೀತೆಂದು ಕಾಯುತ್ತಿದ್ದರು. ಅದು ನನಗೆ ಗೊತ್ತಾದದ್ದು ಆಮೇಲೆ.

ದೀಪಾವಳಿಯ ಮರುವಾರ ಮಾಗುತ್ತಿರುವ ವೈನಿನ ರುಚಿ ತೋರಿಸಲು, ಮೆಸ್ಸಿಗೆ ವೈನ್ ಆರಿಸುವ ಸಾಹೇಬರೊಬ್ಬರನ್ನು ಶೇಠರು ನೆಲಮಾಳಿಗೆಗೆ ಕರೆತಂದರು. ಜೊತೆಗೆ ಶೇಠರ ಮಗನೂ ಇದ್ದ. ಇಪ್ಪತ್ತರ ಹುಡುಗ, ಆಗಷ್ಟೇ ಕಾಲೇಜು ಮುಗಿಸಿದ್ದ. ಮೇಸ್ತ್ರಿ ಗಾಜಿನ ನಳಿಗೆಯಿಂದ ಮೊದಲನೆಯ ಪೀಪಾಯಿಯ ವೈನ್ ತೆಗೆದು ಕೊಟ್ಟರು. ಸಾಹೇಬರು ತಲೆಯಾಡಿಸಿದರು. ಎರಡನೆಯದರಿಂದ ತೆಗೆದು ಕೊಟ್ಟರು. ಸಾಹೇಬರು ಬಾಯಿಗಿಟ್ಟವರು ನೆಲಕ್ಕೆ ಉಗಿದು, ಗ್ಲಾಸನ್ನು ಪೀಪಾಯಿಯ ಮೇಲಿಟ್ಟು ಮೆಟ್ಟಿಲು ಹತ್ತಿದರು.

ಶೇಠರು ಗ್ಲಾಸು ಎತ್ತಿ ಮೂಸಿದರು. ಅವರು ಆಡಿದ್ದು ಮರಾಠಿಯಲ್ಲಿ. ನೆನಪಿದ್ದಷ್ಟನ್ನು ಕನ್ನಡಕ್ಕೆ ತರುತ್ತಿದ್ದೇನೆ.

"ಬೆಳ್ಳುಳ್ಳಿ! ಅರೇ ಬಾವಾ, ಇದು ಬೆಳ್ಳುಳ್ಳಿ!" ಆಮೇಲೆ ಮೇಸ್ತ್ರಿಯತ್ತ ತಿರುಗಿದರು. "ಖಾಲಿ ಪೀಪಾಯಿಯಲ್ಲಿ ನಿನ್ನ ವಿನೆಗರ್ ಹಾಕಿದ್ದೆ ಅಲ್ಲವೇ? ಜ್ವರವಂತೆ ಜ್ವರ! ಹಿತ್ತಲಲ್ಲಿ ಕೂತು ಹಂದಿ ಉಪ್ಪಿನಕಾಯಿ! ನಮ್ಮಪ್ಪನ ಪೀಪಾಯಿಯಲ್ಲಿ!"

ಮೇಸ್ತ್ರಿ ಪ್ರತಿ ಕ್ರಿಸ್‌ಮಸ್ಸಿಗೆ ವಿನೆಗರ್, ಬೆಳ್ಳುಳ್ಳಿ ಬೆರೆಸಿ ಒಂದು ಸಣ್ಣ ಜಾಡಿ ಅಂಥ ಉಪ್ಪಿನಕಾಯಿ ಹಾಕುತ್ತಿದ್ದದ್ದು ಎಲ್ಲರಿಗೂ ಗೊತ್ತಿತ್ತು, ಶೇಠರೇ ತಿಂದಿದ್ದರು. "ಇಲ್ಲ ಶೇಠ, ಆಣೆ ಮಾಡಿ ಹೇಳ್ತೇನೆ," ಎಂದರು ಮೇಸ್ತ್ರಿ. ಹಾಗಾದರೆ ಈ ವಾಸನೆ ಎಲ್ಲಿಂದ ಬಂತು ಎಂದು ಶೇಠರು ಕೇಳಿದರು. ಮೇಸ್ತ್ರಿ ಬಗ್ಗಿ ಪೀಪಾಯಿಯ ಬಾಯಿಗೆ ಮೂಗಿಟ್ಟರು.

ಶೇಠರು ಗ್ಲಾಸನ್ನು ನನ್ನ ಮೂಗಿನ ಮುಂದೆ ಹಿಡಿದರು. "ನೀನು ಹೇಳು. ಕೋರ್ಟಿನ ಮೊಹರು."

ಬೆಳ್ಳುಳ್ಳಿ ನಮ್ಮ ಮನೆಗೆ ಬರುವುದಿಲ್ಲ. ಅದರ ಬದಲು ಇಂಗು ಹಾಕುವವರು ನಾವು. ಆ ನೆಲಮಾಳಿಗೆಯಲ್ಲಿ ಆ ಎರಡು ವಾಸನೆಗಳ ನಡುವಿನ ವ್ಯತ್ಯಾಸ ಹಿಡಿಯಬಲ್ಲವನು ನಾನೊಬ್ಬನೇ. ಹಿಡಿದೆ ಕೂಡ. ಆ ಕ್ಷಣದಲ್ಲಿ ಕೆಂಡ, ಹೊಗೆ, ನನ್ನ ಎರಡು ಮಾತು, ಎಲ್ಲವೂ ಒಟ್ಟಿಗೆ ಕಣ್ಣೆದುರು ನಿಂತವು. ಬಾಗಿಲಲ್ಲಿ ಬಾಟಲಿ ತೊಳೆಯುವಾಕೆ ಒದ್ದೆ ಕೈಯಲ್ಲೇ ನಿಂತು ನನ್ನನ್ನೇ ನೋಡುತ್ತಿದ್ದಳು.

"ಹೇಳಲಾರೆ ಶೇಠ," ಎಂದೆ.

ಎಂಟು ದಿನದಲ್ಲಿ ಕೋಣೆ ಖಾಲಿ ಮಾಡಬೇಕೆಂದು ಶೇಠರು ಹೇಳಿದರು. ಮೇಸ್ತ್ರಿ ಕೈಮುಗಿದು ಒಂದನ್ನೇ ಕೇಳಿದರು: ಆ ಎಂಟು ದಿನ ಪೀಪಾಯಿಯನ್ನು ತನ್ನ ಕೈಗೆ ಕೊಡಬೇಕು, ಬಿಚ್ಚಿ ನೋಡಬೇಕು. ಹಾಳಾದ ಪೀಪಾಯಿ, ಏನಾದರೂ ಮಾಡಿಕೋ ಎಂದು ಶೇಠರು ಮೇಲೆ ಹೋದರು.

ನನ್ನ ಮೇಜಿನ ಪಕ್ಕದ ಕಿಟಕಿಯಿಂದ ಹಿತ್ತಲು ಕಾಣುತ್ತಿತ್ತು. ಮೊದಲ ದಿನ ಮೇಸ್ತ್ರಿ ಕಬ್ಬಿಣದ ಪಟ್ಟಿಗಳನ್ನು ಬಡಿದು ಬಿಚ್ಚಿ, ಹಲಗೆಗಳನ್ನು ಗೋಡೆಗೆ ಸಾಲಾಗಿ ಒರಗಿಸಿದರು. ಎರಡನೆಯ ದಿನದಿಂದ ಒಂದೊಂದನ್ನೇ ತೊಡೆಯ ಮೇಲಿಟ್ಟು ಬಾಚಿಯಿಂದ ಒಳಮೈ ಹೆರೆಯತೊಡಗಿದರು. ಹೆರೆದ ಹೊಟ್ಟನ್ನು ಮೂಸುವರು, ಒದ್ದೆ ಮಾಡಿ ಮತ್ತೆ ಮೂಸುವರು. ಒಣಗಿದ್ದಾಗ ವಾಸನೆ ಇರುತ್ತಿರಲಿಲ್ಲ, ನೀರು ತಾಗಿದ ಕೂಡಲೇ ಏಳುತ್ತಿತ್ತು. ನಾಲ್ಕನೆಯ ದಿನ ನಾನು ಕೆಳಗಿಳಿದು ಹತ್ತಿರ ನಿಂತೆ. ಹೇಳಬೇಕೆಂದೇ ಇಳಿದಿದ್ದೆ.

"ನೋಡ್ರಿ ರಾಯರ," ಎಂದರು ತಲೆ ಎತ್ತದೆ. "ಕೊಬ್ಬರಿ ವಾಸನಿ ಕೊಡೂ ಕಟ್ಟಿಗಿ ಇದು. ಮೂವತ್ತು ವರ್ಷ ಕೊಟ್ಟದ. ಈಗ ಇದರ ಹೊಟ್ಟೀಯೊಳಗ ಏನು ಹೊಕ್ಕೈತೋ ನನಗ ತಿಳೀವಲ್ದು. ಇದು ಕೆಟ್ಟದ, ಇಲ್ಲಂದ್ರ ನನ್ನ ಕೈ ಕೆಟ್ಟದ."

ನಾನು "ನೀರು ತರ್ಲೇನ್ರಿ?" ಎಂದೆ. ತಂದುಕೊಟ್ಟೆ. ಮೇಲೆ ಹೋದೆ.

ಅವತ್ತು ಬಾಟಲಿ ತೊಳೆಯುವಾಕೆ ಮೆಟ್ಟಿಲ ಬಳಿ ನನ್ನನ್ನು ತಡೆದಳು.

"ಹೇಳ್ಬಿಡೂಣೇನ್ರಿ ರಾಯರ?"

"ನಾಳೆ ನೋಡೋಣ."

"ನಿನ್ನೀನೂ ನಾಳೆ ಅಂದ್ರಿ. ಮುದುಕ ಅನ್ನ ಬಿಟ್ಟಾನ್ರಿ. ನಾ ಗಂಜಿ ಒಯ್ದರ ಹಲಗಿ ತೋರಿಸ್ತಾನ." ಸೆರಗಿನಿಂದ ಕೈ ಒರೆಸಿಕೊಂಡಳು. "ನೀವು ಬ್ಯಾಡ ಅಂದ್ರ ನಾ ಹೇಳಂಗಿಲ್ಲ. ನೀವು ಓದಿದವ್ರು. ಏನೋ ವಿಚಾರ ಮಾಡಿರ್ಬೇಕು."

ನಾನು ಯಾವ ವಿಚಾರವನ್ನೂ ಮಾಡಿರಲಿಲ್ಲ. ಕೆಲಸ ಹೋದೀತೆಂಬ ಭಯದಿಂದ ಸುಮ್ಮನಿದ್ದೆ, ಆಕೆಯ ಕೆಲಸ ಹೋದೀತೆಂದು ಸುಮ್ಮನಿದ್ದೆ ಎಂದು ಬಹಳ ವರ್ಷ ನನಗೇ ಹೇಳಿಕೊಂಡೆ. ಅದು ಪೂರ್ತಿ ನಿಜವಲ್ಲ. ಬಿರಡೆ ಹಿಡಿದು ನಿಂತ ಮೇಸ್ತ್ರಿಗೆ "ಸ್ವಚ್ಛ ಅದ" ಎಂದಿದ್ದೆನಲ್ಲ, ಆ ಮಾತು ಹೊರಬರಬಾರದೆಂಬುದು ನನ್ನ ಆಸೆಯಾಗಿತ್ತು. ಕೊಬ್ಬರಿಯನ್ನು ಹಿಡಿದ ಮೂಗು ಇಂಗನ್ನು ಹಿಡಿಯಲಿಲ್ಲ, ಏಕೆಂದರೆ ಅದು ನನ್ನದೇ ಮನೆಯ ವಾಸನೆ. ಅದನ್ನು ನಾಲ್ಕು ಜನರ ಮುಂದೆ ಒಪ್ಪಿಕೊಳ್ಳುವುದು ಕೆಲಸ ಹೋಗುವುದಕ್ಕಿಂತ ಕಷ್ಟವಾಗಿ ಕಂಡಿತು. ಒಬ್ಬ ಮನುಷ್ಯ ಕಿಟಕಿಯ ಕೆಳಗೆ ತನ್ನ ಮೂವತ್ತು ವರ್ಷವನ್ನು ಹೆರೆದು ಹಾಕುತ್ತಿದ್ದಾಗ ನನಗೆ ಕಷ್ಟವಾಗಿ ಕಂಡದ್ದು ಇದು.

ಎಂಟನೆಯ ದಿನ ಮಧ್ಯಾಹ್ನ ಶೇಠರೂ ಮಗನೂ ಹಿತ್ತಲಿಗೆ ಬಂದರು. ಹಲಗೆಗಳು ಬೆಳ್ಳಗಾಗುವವರೆಗೆ ಹೆರೆದಿದ್ದವು. ಮೇಸ್ತ್ರಿ ನಿಂತುಕೊಂಡರು.

"ಸಿಗಲಿಲ್ಲ ಶೇಠ," ಎಂದರು. "ಇವತ್ತು ಹೋಗ್ತೇನೆ. ಆದರೆ ಕದ್ದಿಲ್ಲ."

ನಾನು ಕಿಟಕಿ ಬಿಟ್ಟು ಕೆಳಗಿಳಿದೆ. ಇಳಿದು ಏನು ಹೇಳಿದೆನೆಂಬುದು ಪದಪದವಾಗಿ ನೆನಪಿದೆ. "ಅದು ಇಂಗು, ಶೇಠ. ನನ್ನ ಕಿಸೆಯ ಇಂಗು. ಗಂಧಕ ಇರಲಿಲ್ಲ. ಹೊಗೆ ಹಾಕಿಸಿದವನು ನಾನು. ತುಂಬುವ ಮುಂಚೆ ಮೂಸಿ ಸ್ವಚ್ಛವಿದೆ ಎಂದವನೂ ನಾನೇ."

"ಕೆಂಡದ ಮ್ಯಾಲೆ ಹಾಕಿದಾಕಿ ನಾನ್ರಿ," ಎಂದಳು ಆಕೆ ನಲ್ಲಿಯ ಬಳಿಯಿಂದಲೇ. ಅದನ್ನು ಮರಾಠಿಯಲ್ಲಿಯೂ ಹೇಳಿದಳು.

ಶೇಠರ ಮಗ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ. ಶೇಠರು ನಗಲಿಲ್ಲ. ಮೇಸ್ತ್ರಿ ಒಂದು ಹಲಗೆ ಎತ್ತಿ ಮೂಗಿಗೆ ಹಿಡಿದರು.

"ಅಂದ್ರ ಕಟ್ಟಿಗೀದು ತಪ್ಪಿಲ್ಲ?" ಎಂದು ನನ್ನನ್ನು ಕೇಳಿದರು.

"ಇಲ್ಲ."

"ನನ್ನ ಕೈದೂ ಅಲ್ಲ?"

"ಅಲ್ಲ ಮೇಸ್ತ್ರಿ."

"ನಿಮಗ ಯಾವತ್ತು ಗೊತ್ತಾತು?"

ಸುಳ್ಳು ಹೇಳಬಹುದಿತ್ತು. "ಗ್ಲಾಸು ಮೂಸಿದ ದಿನ," ಎಂದೆ.

ಅವರು ಬೆರಳು ಮಡಿಸಿ ಎಣಿಸಿದರು. ಎಂಟು ಬೆರಳು ಮಡಿಸಿ, ಆ ಕೈಗಳನ್ನು ನನಗೆ ತೋರಿಸಿದರು. ಬೆರಳುಗಳ ಮೇಲೆ ಬಾಚಿಯ ಗಾಯಗಳಿದ್ದವು.

"ಇಂಗು ಹಾಕಿದ್ದಕ್ಕ ಏನೂ ಇಲ್ರಿ ರಾಯರ. ತಿಳೀಲಿಲ್ಲ, ಹಾಕಿದ್ರಿ. ನಾ ಜ್ವರದಾಗಿದ್ದೆ, ಇಲ್ಲಂದ್ರ ಹೇಳ್ತಿದ್ದೆ." ಕೈ ಇಳಿಸಿ, "ನೀರು ತಂದುಕೊಟ್ರಲ್ಲ, ನಾಕನೇ ದಿನ," ಎಂದರು. ಮತ್ತೆ ನನ್ನ ಜೊತೆ ಮಾತಾಡಲಿಲ್ಲ.

ಶೇಠರು ಅವರನ್ನು ಇರಲು ಹೇಳಿದರು. ತಪ್ಪಾಯಿತು ಎಂದೂ ಹೇಳಿದರು. ಅಂಥ ಮಾತು ಅವರ ಬಾಯಿಂದ ನಾನು ಕೇಳಿದ್ದು ಅದೊಂದೇ ಸಲ. ನಮ್ಮಿಬ್ಬರನ್ನೂ ಕೆಲಸದಿಂದ ತೆಗೆಯಲಿಲ್ಲ, ಆದರೆ ಇನ್ನು ಮುಂದೆ ನಾನು ನೆಲಮಾಳಿಗೆಗೆ ಇಳಿಯಕೂಡದೆಂದರು. ಮೇಸ್ತ್ರಿ ಮೂರು ದಿನ ಉಳಿದು ಪೀಪಾಯಿಯನ್ನು ಮತ್ತೆ ಕಟ್ಟಿದರು. ಒಳಗೆ ಬೆಂಕಿ ಇಟ್ಟು ಹೊಸದಾಗಿ ಸುಟ್ಟರು, ಪಟ್ಟಿ ಬಿಗಿದರು, ಬಾಯಿತನಕ ನೀರು ತುಂಬಿಸಿ ಒಂದು ಹನಿಯೂ ಸೋರದೆಂದು ಶೇಠರನ್ನು ಕರೆದು ತೋರಿಸಿದರು. ಹಲಗೆ ತೆಳುವಾಗಿದ್ದ ಆ ಪೀಪಾಯಿಯಲ್ಲಿ ಮತ್ತೆ ವೈನ್ ಇಡಲಿಲ್ಲ. ನಾಲ್ಕನೆಯ ದಿನ ಉಪಕರಣಗಳ ಚೀಲ ಹೊತ್ತು ಗೋವೆಯ ಗಾಡಿ ಹತ್ತಿದರು. ದೇಶಕ್ಕೆ ಸ್ವಾತಂತ್ರ್ಯ ಬರುವ ಮುಂಚೆಯೇ ತೀರಿಕೊಂಡರೆಂದು ಆಮೇಲೆ ಕೇಳಿದೆ.

ಮೆಸ್ಸಿನ ಸಾಹೇಬರಿಗೆ ನಿಜವನ್ನು ಯಾರೂ ಹೋಗಿ ಹೇಳಲಿಲ್ಲ. ಅಷ್ಟರಲ್ಲಿ, ಶೇಠರು ಸಾಹೇಬರಿಗೆ ಹೇಳಿದ್ದ ಹಂದಿ ಉಪ್ಪಿನಕಾಯಿಯ ಕಥೆ ಕ್ಲಬ್ಬುಗಳಿಗೆ ಮುಟ್ಟಿತ್ತು. ಕೇಳಿದವರು ನಗುತ್ತಿದ್ದರು, ನಗಿಸುವ ಕಥೆಯನ್ನು ತಿದ್ದುವ ತೊಂದರೆ ಯಾರೂ ತೆಗೆದುಕೊಳ್ಳಲಿಲ್ಲ. ನಾನೂ ತೆಗೆದುಕೊಳ್ಳಲಿಲ್ಲ. ಎಂಟು ದಿನವಷ್ಟೇ ಸುಮ್ಮನಿದ್ದೆನೆಂದು ಮೇಸ್ತ್ರಿ ಎಣಿಸಿದ್ದರು. ಅದು ಎಷ್ಟೋ ವರ್ಷವಾಯಿತು.

ನಾನು ಬರೆದದ್ದನ್ನು ನನ್ನ ಮಾತಿನ ಮೇಲೆಯೇ ನಂಬಬೇಕಾಗಿಲ್ಲ. ಆ ಶನಿವಾರ ಕೆಂಡದ ಬಾಣಲೆಯ ಹತ್ತಿರ ಕುಳಿತಿದ್ದಾಕೆ ಬದುಕಿದ್ದಾಳೆ. ನಿಗಡಿ ಎಂಬ ಊರಿನಲ್ಲಿ ಮಗಳ ಮನೆಯಲ್ಲಿದ್ದಾಳೆ, ಕಿವಿ ಮಂದವಾಗಿದೆ, ನೆನಪು ಚೆನ್ನಾಗಿದೆ. ಹಿತ್ತಲಿನಲ್ಲಿ ಬಾಯಿಗೆ ಕೈ ಹಿಡಿದು ನಕ್ಕ ಶೇಠರ ಮಗ ಬದುಕಿದ್ದಾರೆ. ಲಷ್ಕರಿನಲ್ಲೇ ಇದ್ದಾರೆ, ಸಂಜೆ ಐದರ ಮೇಲೆ ಮನೆಯ ಕಟ್ಟೆಯ ಮೇಲೆ ಕೂರುತ್ತಾರೆ. ಮೇಸ್ತ್ರಿ ಬೆರಳು ಮಡಿಸಿದ್ದನ್ನು ಕಂಡವರು ಈಗ ನಾವು ಮೂವರು.